ಮಗುವಿನ ಫೈಲಿನಲ್ಲಿ ಸ್ಕ್ಯಾನಿನ ಲೆಕ್ಕವೂ ಇರಲಿ

ನನ್ನ ಅಕ್ಕನ ಮಗನಿಗೆ ಹನ್ನೆರಡು ವರ್ಷ. ಕ್ರೋನ್ಸ್ ಕಾಯಿಲೆ ಎಂದು ಗೊತ್ತಾಗಿದ್ದು ಹೈದರಾಬಾದಿನಲ್ಲಿ. ಭಾವನಿಗೆ ಪುಣೆಗೆ ವರ್ಗವಾದಾಗ ಹಳೆಯ ಸ್ಕ್ಯಾನಿನ ಸಿಡಿ ಸಾಮಾನಿನ ನಡುವೆ ಎಲ್ಲೋ ಕಳೆಯಿತು. ಹೊಸ ಆಸ್ಪತ್ರೆಯಲ್ಲಿ ಮತ್ತೊಂದು ಸಿಟಿ ಆಯಿತು. ಫೈಲಿನಲ್ಲಿ ತೂಕ, ಎತ್ತರ, ಔಷಧಿಯ ಮಿಲಿಗ್ರಾಂ ಎಲ್ಲದಕ್ಕೂ ಲೆಕ್ಕವಿತ್ತು. ಮೈಗೆ ತಗುಲಿದ ವಿಕಿರಣಕ್ಕೆ ಮಾತ್ರ ಇರಲಿಲ್ಲ.

ಈ ಕಾಯಿಲೆಯಲ್ಲಿ ಕರುಳಿನ ಗೋಡೆ ಊದಿಕೊಂಡು ಹುಣ್ಣಾಗುತ್ತದೆ. ಮಕ್ಕಳ ಬೆಳವಣಿಗೆಯೇ ಕುಂಠಿತವಾಗಬಹುದು. ಮಾಮೂಲಿ ಎಂಡೋಸ್ಕೋಪಿಯ ಕೊಳವೆ ಸಣ್ಣಕರುಳಿನ ಬಹುಭಾಗವನ್ನು ಮುಟ್ಟುವುದಿಲ್ಲ. ಅದಕ್ಕೇ ಸ್ಕ್ಯಾನ್ ಬೇಕು. ಕಾಯಿಲೆ ಬದುಕಿಡೀ ಇರುವುದರಿಂದ ಮತ್ತೆ ಮತ್ತೆ ಬೇಕು.

ಸಿಟಿ ಕೆಲಸ ಮಾಡುವುದು ಎಕ್ಸ್-ರೇಯಿಂದ. ಒಂದು ಸ್ಕ್ಯಾನಿನ ಅಪಾಯ ಚಿಕ್ಕದು, ನಿಜ. ಆದರೆ ಮಕ್ಕಳ ದೇಹಕ್ಕೆ ವಿಕಿರಣ ಹೆಚ್ಚು ನಾಟುತ್ತದೆ. 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ಅಧ್ಯಯನ, ಬಾಲ್ಯದಲ್ಲಿ ಸಿಟಿಯ ವಿಕಿರಣ ಹೆಚ್ಚಿದಂತೆ ರಕ್ತದ ಕ್ಯಾನ್ಸರ್ ಮತ್ತು ಮಿದುಳಿನ ಗಡ್ಡೆಯ ಸಂಭವವೂ ಹೆಚ್ಚುವುದನ್ನು ಕಂಡಿತು. ಒಟ್ಟು ಅಪಾಯ ಕಡಿಮೆಯೇ ಎಂದೂ ಹೇಳಿತು.

ವಿಕಿರಣವಿಲ್ಲದ ದಾರಿಗಳು ಎರಡಿವೆ. ಒಂದು, ಎಂಆರ್ ಎಂಟರೋಗ್ರಫಿ, ಅಂದರೆ ಕರುಳಿನ ಎಂಆರ್‌ಐ. ಮಕ್ಕಳ ಸಣ್ಣಕರುಳಿನ ಚಿತ್ರಕ್ಕೆ ಇದೇ ಮೊದಲ ಆಯ್ಕೆ ಎಂದು ಯುರೋಪಿನ ತಜ್ಞರ 2014ರ ಪೋರ್ಟೊ ಮಾನದಂಡ ಹೇಳುತ್ತದೆ. ಆದರೆ ಖರ್ಚು ಜಾಸ್ತಿ. ಮಗು ದ್ರವ ಕುಡಿದು ಬಹಳ ಹೊತ್ತು ಅಲುಗಾಡದೆ ಮಲಗಬೇಕು. ತೀರ ಚಿಕ್ಕವರಿಗೆ ಮಂಪರಿನ ಔಷಧಿ ಬೇಕಾದೀತು. ಇನ್ನೊಂದು ಅಲ್ಟ್ರಾಸೌಂಡ್. ಅಗ್ಗ, ಅಮ್ಮ ಪಕ್ಕದಲ್ಲೇ ಇರಬಹುದು, ಕರುಳಿನ ಗೋಡೆ ದಪ್ಪವಾಗಿದೆಯೇ ಎಂದು ಮಿಲಿಮೀಟರಿನಲ್ಲಿ ಅಳೆಯಬಹುದು. ಆದರೆ ಅದಕ್ಕೆ ಪಳಗಿದ ಕೈ ಬೇಕು. ಮಕ್ಕಳ ಕರುಳನ್ನು ನೋಡುವ ಆ ತರಬೇತಿಗೆ ನಮ್ಮ ಆಸ್ಪತ್ರೆಗಳು ಹಣ ಹಾಕಬೇಕು ಎಂಬುದು ನನ್ನ ಮೊದಲ ಒತ್ತಾಯ.

ಕರುಳು ತೂತಾಗಿದೆ, ಒಳಗೆ ಕೀವು ತುಂಬಿದೆ ಎಂಬ ಅನುಮಾನ ಬಂದ ತುರ್ತಿನಲ್ಲಿ ವೈದ್ಯರು ಸಿಟಿ ಬೇಕೆಂದರೆ ಹಿಂಜರಿಯಬಾರದು. ನನ್ನ ತಕರಾರು ರೂಢಿಗೆ ಮಾಡಿಸುವ, ಹಳೆಯದು ಸಿಗಲಿಲ್ಲವೆಂದು ಮಾಡಿಸುವ ಸಿಟಿಗಳ ಬಗ್ಗೆ.

ಊರಿಂದೂರಿಗೆ ವರ್ಗವಾಗುವ ನಮ್ಮಂಥವರಿಗೆ ಇದು ಹೆಚ್ಚು ಅನ್ವಯಿಸುತ್ತದೆ. "ಡಾಕ್ಟ್ರೇ, ಇದನ್ನು ಅಲ್ಟ್ರಾಸೌಂಡ್ ಅಥವಾ ಎಂಆರ್‌ಐನಲ್ಲಿ ನೋಡಬಹುದೇ?" ಎಂದು ಕೇಳಲು ಸಂಕೋಚ ಬೇಡ. ವರದಿಯ ಜೊತೆ ಸಿಡಿಯನ್ನೂ ಪಡೆದು ಜೋಪಾನ ಮಾಡಿ. ಸಿಟಿ ಯಂತ್ರ ತಾನು ಕೊಟ್ಟ ವಿಕಿರಣದ ಪ್ರಮಾಣವನ್ನು ದಾಖಲಿಸುತ್ತದೆ. ಅದನ್ನು ಕೇಳಿ ಬರೆದಿಟ್ಟುಕೊಳ್ಳಿ. ಲಸಿಕೆಯ ಕಾರ್ಡಿನಂತೆ ಇದಕ್ಕೂ ಒಂದು ಕಾರ್ಡನ್ನು ಆಸ್ಪತ್ರೆಗಳೇ ಕೊಡಬೇಕು. ಅದು ಬರುವವರೆಗೆ, ಅಕ್ಕ ಫೈಲಿನ ಮೊದಲ ಪುಟಕ್ಕೆ ಒಂದು ಹಾಳೆ ಅಂಟಿಸಿದ್ದಾಳೆ: ತಾರೀಖು, ಊರು, ಯಾವ ಸ್ಕ್ಯಾನ್, ಎಷ್ಟು ವಿಕಿರಣ.