ಓವನ್ ಸುತ್ತುತ್ತದೆ, ಹಾಲು ಬಿಸಿಯಾಗುವುದಿಲ್ಲ

ಮಕ್ಕಳೇ, ಈ ವಾರ ಹೆಮ್ಮಿಗೆಗೆ ಹೋಗೋಣ. ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ, ತಲಕಾಡಿನ ಹತ್ತಿರ, ಕಾವೇರಿಯ ಮಗ್ಗುಲಲ್ಲಿರುವ ಊರು. ಸುತ್ತ ಭತ್ತದ ಗದ್ದೆ. ನಮ್ಮಕ್ಕನನ್ನು ಕೊಟ್ಟಿರುವುದು ಅಲ್ಲಿಗೆ. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಪಾಠ ಹೇಳಿ ನಿವೃತ್ತನಾದ ಮೇಲೆ ನಾನು ವರ್ಷಕ್ಕೆರಡು ಸಲ ಅಲ್ಲಿಗೆ ಹೋಗಿ ನಾಲ್ಕು ದಿನ ಇದ್ದು ಬರುತ್ತೇನೆ.

ಈ ಸಲ ಹೋದಾಗ ಅಕ್ಕನ ಮನೆಯ ಮುಂದೆ ಒಂದು ದೊಡ್ಡ ವ್ಯಾನು ನಿಂತಿತ್ತು. ಬೆಂಗಳೂರಿನಲ್ಲಿರುವ ಅಕ್ಕನ ಮಗ ಹಳೆಯ ವ್ಯಾನೊಂದನ್ನು ಕೊಂಡು ಚಲಿಸುವ ಮನೆ ಮಾಡಿಸಿಕೊಂಡಿದ್ದ. ಒಳಗೆ ಮಂಚ, ತೊಟ್ಟಿ, ಪುಟ್ಟ ಫ್ರಿಜ್ಜು, ಗೋಡೆಯ ಬೀರುವಿನಲ್ಲಿ ಕನ್ವೆಕ್ಷನ್ ಇರುವ ಮೈಕ್ರೋವೇವ್ ಓವನ್. ನಂಜನಗೂಡಿನಲ್ಲಿ ಸ್ವಾಮಿಯ ದರ್ಶನ ಮುಗಿಸಿ, ರಸಬಾಳೆ ಕೊಂಡು, ಹೆಂಡತಿ ಮಗಳೊಂದಿಗೆ ಆ ವ್ಯಾನಿನಲ್ಲೇ ಬಂದಿದ್ದ. ಮಾರನೆಯ ದಿನ ತಲಕಾಡು. ಆದರೆ ಬಂದ ಸಂಜೆಯೇ ಓವನ್ ಕೈಕೊಟ್ಟಿತ್ತು. ದೀಪ ಹತ್ತುತ್ತದೆ, ತಟ್ಟೆ ಸುತ್ತುತ್ತದೆ, ಗುಂಯ್ ಅನ್ನುತ್ತದೆ. ಮೂರು ನಿಮಿಷ ಕಳೆದರೂ ಹಾಲು ಬೆಚ್ಚಗೂ ಆಗುವುದಿಲ್ಲ. ಕನ್ವೆಕ್ಷನ್ ಗುಂಡಿ ಒತ್ತಿದರಂತೂ ಇನ್ವರ್ಟರ್ ಕಿರುಚಿಕೊಂಡು ಆಫ್.

"ಅಲ್ಕಣ್ಲಾ, ಒಂದ್ ಲೋಟ ಹಾಲಿಗೆ ಇಷ್ಟೊಂದು ಪಾಡಾ? ಒಲೆ ಮ್ಯಾಲೆ ಇಡಬಾರದಾ?" ಎಂದು ಅಕ್ಕ ನಡುಮನೆಯಿಂದಲೇ ಕೂಗಿದಳು.

ನಾನು ವ್ಯಾನು ಹತ್ತಿದಾಗ ಅಳಿಯ ಓವನ್ನನ್ನು ಬೀರುವಿನಿಂದ ಇಳಿಸಿ ಮಂಚದ ಮೇಲಿಟ್ಟು ಹಿಂಬದಿಯ ಎರಡು ಸ್ಕ್ರೂ ಬಿಚ್ಚಿಯಾಗಿತ್ತು. ಹತ್ತು ವರ್ಷದ ಮಗಳು ಟಾರ್ಚ್ ಹಿಡಿದು ನಿಂತಿದ್ದಳು. "ಪ್ಲಗ್ ತೆಗೆದಿದ್ದೀನಿ ಮಾವ, ಏನೂ ಆಗಲ್ಲ" ಅಂದ. ನಾನು ಕೂಗಿಬಿಟ್ಟೆ. ಅಷ್ಟು ಜೋರಾಗಿ ಅವನನ್ನು ಗದರಿದ್ದು ಅದೇ ಮೊದಲು.

ಏಕೆಂದು ಹೇಳುತ್ತೇನೆ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಫ್ಯಾನು ಇವುಗಳ ಪ್ಲಗ್ ಕಿತ್ತರೆ ಸಾಮಾನ್ಯವಾಗಿ ಒಳಗೆ ವಿದ್ಯುತ್ತಿನ ಭಯ ಉಳಿಯುವುದಿಲ್ಲ. ಮೈಕ್ರೋವೇವ್ ಓವನ್ ಹಾಗಲ್ಲ. ಅದರೊಳಗಿನ ಟ್ರಾನ್ಸ್‌ಫಾರ್ಮರ್ ನಮ್ಮ ಮನೆಯ 230 ವೋಲ್ಟನ್ನು ಸುಮಾರು 2,000ಕ್ಕೆ ಏರಿಸುತ್ತದೆ. ಒಂದು ಕೆಪಾಸಿಟರ್, ಒಂದು ಡಯೋಡ್ ಸೇರಿ ಅದನ್ನು ಇನ್ನೂ ಹೆಚ್ಚುಕಡಿಮೆ ಇಮ್ಮಡಿ ಮಾಡುತ್ತವೆ. ಕೆಪಾಸಿಟರ್ ಎಂದರೆ ವಿದ್ಯುತ್ತಿನ ಗುಡಾಣ. ಪ್ಲಗ್ ತೆಗೆದ ಮೇಲೂ ತುಂಬಿಕೊಂಡೇ ಇರಬಹುದು. ಅದನ್ನು ನಿಧಾನವಾಗಿ ಬರಿದು ಮಾಡಲು ಒಳಗೆ ಒಂದು ರೆಸಿಸ್ಟರ್ ಇರುತ್ತದೆ, ನಿಜ. ಅದು ಕೆಟ್ಟಿದ್ದರೆ ಹೊರಗಿನಿಂದ ಗೊತ್ತಾಗುವ ಬಗೆಯೇ ಇಲ್ಲ. ಕೈ ತಗುಲಿದರೆ ಆ ಒಂದು ಪೆಟ್ಟು ಸಾಕು, ಗುಂಡಿಗೆ ನಿಲ್ಲಲು. ಕಲಿತ ಮೆಕ್ಯಾನಿಕ್ ಕೂಡ ಮೊದಲು ಅದನ್ನು ಬರಿದು ಮಾಡಿಯೇ ಮುಂದಿನ ಕೆಲಸಕ್ಕೆ ಕೈ ಹಾಕುತ್ತಾನೆ. ಹಾಗಾಗಿ ಹೊರಕವಚದ ಸ್ಕ್ರೂ ನಮ್ಮದಲ್ಲ, ಅವನದು.

ಬಿಚ್ಚಿದ್ದ ಸ್ಕ್ರೂಗಳನ್ನು ವಾಪಸ್ ಹಾಕಿಸಿದೆ. ಆಮೇಲೆ ಶುರುವಾಯಿತು ನಮ್ಮ ತನಿಖೆ, ಕವಚ ಬಿಚ್ಚದೆ.

ಮೊದಲು ಸುಲಭದ್ದು. ಬಾಗಿಲು ಸರಿಯಾಗಿ ಕೂರುತ್ತದೆಯೇ? ಕೂರುತ್ತದೆ. ವ್ಯಾನಿನಲ್ಲಿ ಕುಲುಕಾಟಕ್ಕೆ ಬಾಗಿಲ ಕೊಂಡಿ ವಾರೆಯಾಗುವುದುಂಟು. ಬಾಗಿಲು ಪೂರ್ತಿ ಮುಚ್ಚದಿದ್ದರೆ ಒಳಗಿನ ಸುರಕ್ಷತಾ ಸ್ವಿಚ್ಚುಗಳು ಅಲೆ ಹುಟ್ಟಲು ಬಿಡುವುದಿಲ್ಲ. (ಆ ಸ್ವಿಚ್ಚನ್ನು ತಂತಿಯಿಂದ ಸೇರಿಸಿ "ರಿಪೇರಿ" ಮಾಡಿಕೊಡುವವರೂ ಇದ್ದಾರೆ. ಅಂಥವರನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ.) ಪವರ್ ಲೆವೆಲ್ ಕಡಿಮೆ ಇಟ್ಟಿದ್ದಾರೆಯೇ? ಇಲ್ಲ, ನೂರಕ್ಕೆ ನೂರು. ಗಾಳಿಕಿಂಡಿ? ಬೀರುವಿನಲ್ಲಿ ಓವನ್ನಿನ ಪಕ್ಕಕ್ಕೆ ಎರಡು ದುಪ್ಪಟಿ ತುರುಕಿದ್ದರು. ತೆಗೆಸಿದೆ. ಉಸಿರು ಕಟ್ಟಿದರೆ ಓವನ್ ಬಿಸಿಯೇರಿ ತಾನೇ ನಿಲ್ಲುತ್ತದೆ. ಆದರೆ ಇದು ನಿಂತಿರಲಿಲ್ಲ, ಸೋಂಬೇರಿಯಾಗಿತ್ತು ಅಷ್ಟೆ.

ಒಳಗೋಡೆಯಲ್ಲಿ ರಟ್ಟಿನಂತೆ ಕಾಣುವ ಒಂದು ಹಾಳೆ ಇರುತ್ತದೆ, ನೋಡಿದ್ದೀರಾ? ಅದು ಮೈಕಾ, ನಮ್ಮ ಕಡೆ ಕಾಗೆಬಂಗಾರ ಅನ್ನುತ್ತೇವಲ್ಲ ಅದೇ. ಅಲೆ ಬರುವ ದಾರಿಗೆ ಅದು ಪರದೆ. ತುಪ್ಪ, ಮಸಾಲೆ ಸಿಡಿದು ಅದು ಸುಟ್ಟರೆ ಚಟಚಟ ಕಿಡಿ ಬರುತ್ತದೆ. ಬಹಳ ಓವನ್ನುಗಳಲ್ಲಿ ಇದನ್ನು ಒಳಗಿನಿಂದಲೇ ತೆಗೆಯಬಹುದು. ಪ್ಲಗ್ ತೆಗೆದು, ಹಳೆಯದರ ಅಳತೆಗೆ ಹೊಸ ಹಾಳೆ ಕತ್ತರಿಸಿ ಹಾಕುವ ಕೆಲಸವನ್ನು ದೊಡ್ಡವರು ಮನೆಯಲ್ಲೇ ಮಾಡಬಹುದು. ನಮ್ಮ ಓವನ್ನಿನ ಹಾಳೆಯಲ್ಲಿ ಜಿಡ್ಡು ಮಾತ್ರ ಇತ್ತು. ಒದ್ದೆ ಬಟ್ಟೆಯಿಂದ ಒರೆಸಿ ಒಣಗಲು ಬಿಟ್ಟೆವು.

ಇನ್ನು ಉಳಿದದ್ದು ಲೆಕ್ಕ. "ಪುಟ್ಟಿ, ಒಂದು ಥರ್ಮಾಮೀಟರ್ ಬೇಕಲ್ಲ" ಎಂದೆ. ಜ್ವರದ್ದು ಆಗದು, ಅದರ ಅಳತೆ 42 ಡಿಗ್ರಿಯ ಆಸುಪಾಸಿಗೇ ಮುಗಿಯುತ್ತದೆ. ಅವಳು ಓಡಿಹೋಗಿ ಊರಿನ ಹಾಲಿನ ಡೇರಿಯಲ್ಲಿ ಕೇಳಿ ಒಂದನ್ನು ತಂದಳು. ಅರ್ಧ ಲೀಟರ್ ನೀರನ್ನು ಗಾಜಿನ ಬೋಗುಣಿಗೆ ಹಾಕಿ ಅಳೆದಳು: 26 ಡಿಗ್ರಿ. ಥರ್ಮಾಮೀಟರನ್ನು ಹೊರಗಿಟ್ಟು, ಪೂರ್ತಿ ಪವರ್‌ನಲ್ಲಿ ಸರಿಯಾಗಿ ಒಂದು ನಿಮಿಷ ನಡೆಸಿ, ಮರದ ಚಮಚದಿಂದ ಕಲಕಿ ಮತ್ತೆ ಅಳೆದಳು: 32. ಏರಿದ್ದು 6 ಡಿಗ್ರಿ. ಅದನ್ನು 35ರಿಂದ ಗುಣಿಸಿದರೆ ನೀರಿಗೆ ಸೇರಿದ ಶಕ್ತಿ ವ್ಯಾಟ್‌ಗಳಲ್ಲಿ ಸಿಗುತ್ತದೆ. 35 ಎಲ್ಲಿಂದ ಬಂತು? ಒಂದು ಗ್ರಾಂ ನೀರು ಒಂದು ಡಿಗ್ರಿ ಏರಲು ಸುಮಾರು 4.2 ಜೂಲ್ ಬೇಕು. 500 ಗ್ರಾಮಿಗೆ 2,100 ಜೂಲ್. 60 ಸೆಕೆಂಡಿನಿಂದ ಭಾಗಿಸಿ, 35.

6 ಗುಣಿಸು 35, ಅಂದರೆ 210 ವ್ಯಾಟ್. ಓವನ್ನಿನ ಹಿಂದಿನ ಚೀಟಿಯಲ್ಲಿ 800 ಎಂದಿತ್ತು.

"ಸತ್ತಿಲ್ಲ ತಾತ, ನಿಶ್ಶಕ್ತಿ ಅಷ್ಟೆ" ಅಂದಳು ಪುಟ್ಟಿ. ಸರಿಯಾದ ಮಾತು. ಮ್ಯಾಗ್ನೆಟ್ರಾನ್ ಎಂಬ ಅಲೆ ಹುಟ್ಟಿಸುವ ಭಾಗವೇ ಸತ್ತಿದ್ದರೆ ನೀರು ಒಂದು ಡಿಗ್ರಿಯೂ ಏರುತ್ತಿರಲಿಲ್ಲ. ಹಾಗಾದರೆ ಅದಕ್ಕೆ ಹೊಟ್ಟೆಗೆ ಸಾಲುತ್ತಿಲ್ಲವೇ? ಮರುದಿನ ಬೆಳಿಗ್ಗೆ ಓವನ್ನನ್ನು ಮನೆಯೊಳಗೆ ಹೊತ್ತೊಯ್ದು, ಅರ್ತಿಂಗ್ ಇರುವ 16 ಆಂಪಿಯರ್ ಸಾಕೆಟ್ಟಿಗೆ ಹಾಕಿ ಅದೇ ಪರೀಕ್ಷೆ ಮಾಡಿದೆವು. 26ರಿಂದ 47! ಅಂದರೆ 735 ವ್ಯಾಟ್. ಓವನ್ನಿಗೆ ಏನೂ ಆಗಿರಲಿಲ್ಲ. ಹಿಂದಿನ ಸಂಜೆ ಅಳಿಯ ಕೆಟ್ಟಿಲ್ಲದ ಯಂತ್ರದೊಳಕ್ಕೆ ಕೈ ಹಾಕಲು ಹೊರಟಿದ್ದ.

ಕಾಯಿಲೆ ವ್ಯಾನಿನದು. ವ್ಯಾನಿನ ಬ್ಯಾಟರಿ 12 ವೋಲ್ಟ್. ಇನ್ವರ್ಟರ್ ಅದನ್ನು 230 ಮಾಡಿ ಓವನ್ನಿಗೆ ಕೊಡಬೇಕು. 800 ವ್ಯಾಟ್ ಅಡುಗೆಗೆ ಸಿಗಬೇಕಾದರೆ ಓವನ್ ಸುಮಾರು 1,300 ವ್ಯಾಟ್ ಎಳೆಯುತ್ತದೆ. 230 ವೋಲ್ಟಿನಲ್ಲಿ ಅದು ಐದೂವರೆ ಆಂಪಿಯರ್ ಚಿಲ್ಲರೆ. 12 ವೋಲ್ಟಿನಲ್ಲಿ ನೂರನ್ನೂ ದಾಟುತ್ತದೆ! ಅಷ್ಟು ಪ್ರವಾಹ ಹರಿಯುವಾಗ ಬೆಸೆದ ಜಾಗ ಕೂದಲೆಳೆಯಷ್ಟು ಸಡಿಲವಾದರೂ ವೋಲ್ಟೇಜ್ ಅಲ್ಲೇ ಸೋರಿಹೋಗುತ್ತದೆ.

ಓವನ್ನನ್ನು ಮತ್ತೆ ವ್ಯಾನಿಗೆ ಜೋಡಿಸಿ, ಅದು ನಡೆಯುತ್ತಿರುವಾಗ ಮಲ್ಟಿಮೀಟರ್ ಹಿಡಿದು ನೋಡಿದೆ. ಬ್ಯಾಟರಿಯ ಕಂಬಗಳ ಮೇಲೆ 11.9 ವೋಲ್ಟ್. ಇನ್ವರ್ಟರಿನ ಬಾಯಿಯಲ್ಲಿ 10.4. ನಡುವೆ ಒಂದೂವರೆ ವೋಲ್ಟ್ ಮಾಯ! ಆಗ 60 ಆಂಪಿಯರ್ ಹರಿಯುತ್ತಿತ್ತು ಎಂದುಕೊಂಡರೂ ದಾರಿಯಲ್ಲೇ 90 ವ್ಯಾಟ್ ಶಾಖವಾಗುತ್ತಿದೆ. 25 ವ್ಯಾಟಿನ ಸೋಲ್ಡರಿಂಗ್ ಐರನ್ ಸೀಸ ಕರಗಿಸುತ್ತದೆ ಎಂದರೆ ಇದನ್ನು ಊಹಿಸಿಕೊಳ್ಳಿ. ಬ್ಯಾಟರಿ ಇದ್ದದ್ದು ಮಂಚದ ಕೆಳಗೆ. ಆ ಮಂಚದ ಮೇಲೆ ಮಲಗುತ್ತಿದ್ದವಳು ಪುಟ್ಟಿ.

ಹಲಗೆ ಎತ್ತಿ ನೋಡಿದರೆ ಧನ ತಂತಿಯ ಲಗ್ ಸಡಿಲ, ಅದರ ಕೆಂಪು ಪ್ಲಾಸ್ಟಿಕ್ ತೋಳು ಕಂದಿ ಕಪ್ಪಾಗಿತ್ತು. ಅಳಿಯ ಏನೂ ಮಾತಾಡಲಿಲ್ಲ.

ಇದು ಬಿಚ್ಚಬಹುದಾದ ಕೆಲಸ, ಆದರೂ ನಾವು ಮಾಡಲಿಲ್ಲ. ಸ್ಪ್ಯಾನರ್ ಜಾರಿ ಎರಡು ಕಂಬಕ್ಕೂ ತಗುಲಿದರೆ ಅದೇ ಕಾದು ಕೆಂಪಾಗುತ್ತದೆ. ಬ್ಯಾಟರಿಯಿಂದ ಹೊಮ್ಮುವ ಅನಿಲಕ್ಕೆ ಕಿಡಿ ಸೋಕಬಾರದು. ನರಸೀಪುರದಿಂದ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಬಂದ. ಕೈಯ ಉಂಗುರ, ವಾಚು ತೆಗೆದಿಟ್ಟ. ಮೊದಲು ಋಣ ತಂತಿ ಬಿಚ್ಚಿದ, ಆಮೇಲೆ ಧನ. ಸುಟ್ಟ ತುದಿ ಕತ್ತರಿಸಿ ಹೊಸ ಲಗ್ ಒತ್ತಿಸಿ, ಬ್ಯಾಟರಿಯ ಪಕ್ಕದಲ್ಲೇ ಇರಬೇಕಾಗಿದ್ದ ಫ್ಯೂಸನ್ನೂ ಹಾಕಿದ. ವ್ಯಾನು ಕಟ್ಟಿದವರು ಅದನ್ನು ಹಾಕಿಯೇ ಇರಲಿಲ್ಲ. ಜೋಡಿಸುವಾಗ ಋಣ ತಂತಿ ಕೊನೆಗೆ.

ಮತ್ತೆ ನೀರಿನ ಪರೀಕ್ಷೆ. 17 ಡಿಗ್ರಿ ಏರಿತು, 595 ವ್ಯಾಟ್. "ಮನೆಯಲ್ಲಿ 735 ಬಂತಲ್ಲ, ಇನ್ನೂ ಯಾಕೆ ಕಡಿಮೆ?" ಎಂದಳು ಪುಟ್ಟಿ. ಕೆರೆ ಕೋಡಿ ಬೀಳುವುದನ್ನು ನೋಡಿದ್ದೀಯಲ್ಲ, ಎಂದೆ. ನೀರು ಕೋಡಿಯ ಮಟ್ಟ ದಾಟಿದರೆ ಧೋ ಎಂದು ಹರಿಯುತ್ತದೆ. ಒಂದು ಗೇಣು ಇಳಿದರೆ ಕೆರೆ ತುಂಬಾ ನೀರಿದ್ದರೂ ಕೋಡಿಯಲ್ಲಿ ಹನಿಯೂ ಇಲ್ಲ. ಮ್ಯಾಗ್ನೆಟ್ರಾನ್ ಹಾಗೆ. ವೋಲ್ಟೇಜ್ ಒಂದು ಮಟ್ಟ ಮುಟ್ಟಿದಾಗ ಮಾತ್ರ ಅಲೆ ಹುಟ್ಟಿಸುತ್ತದೆ. ಈ ಅಗ್ಗದ ಇನ್ವರ್ಟರ್ ಕೊಡುವ ವಿದ್ಯುತ್ತಿನ ಅಲೆ ಮನೆಯದರಂತೆ ದುಂಡಗೆ ಏರಿಳಿಯುವುದಿಲ್ಲ, ತಲೆ ಕತ್ತರಿಸಿದ ಮೆಟ್ಟಿಲಿನಂತಿರುತ್ತದೆ, ಶಿಖರ ಕುಳ್ಳು. ಓವನ್ ಗುಂಯ್ ಎಂದು ಜೋರಾಗಿ ಗೊಣಗುತ್ತಿದ್ದುದೂ ಅದಕ್ಕೇ. ಶುದ್ಧ ಸೈನ್ ವೇವ್ ಕೊಡುವ ಇನ್ವರ್ಟರಿಗೆ ಬೆಲೆ ಜಾಸ್ತಿ. ನನ್ನನ್ನು ಕೇಳಿದರೆ, ವ್ಯಾನಿನ ಪರದೆ ಬಣ್ಣಗಳಿಗೆ ಸುರಿದ ದುಡ್ಡನ್ನು ಅದಕ್ಕೆ ಹಾಕಬೇಕಿತ್ತು.

ಕನ್ವೆಕ್ಷನ್ ಕಥೆ ಬೇರೆ. ಅದರಲ್ಲಿ ಕಾಯಿಸುವುದು ಅಲೆಯಲ್ಲ, ಹಿಂಗೋಡೆಯ ಕಾಯುವ ಸುರುಳಿ. ಒಂದು ಫ್ಯಾನು ಆ ಬಿಸಿಗಾಳಿಯನ್ನು ಸುತ್ತಿಸುತ್ತದೆ. ಚೀಟಿಯಲ್ಲಿ ಅದಕ್ಕೆ 2,100 ವ್ಯಾಟ್ ಎಂದಿತ್ತು, ಇನ್ವರ್ಟರ್ ತಾಳುವುದು 2,000. ಕಿರುಚದೆ ಏನು ಮಾಡೀತು? ಕೇಕು ಬೇಕಾದರೆ ಗೋಡೆಯ ಸಾಕೆಟ್ ಸಿಗುವ ಊರಿನಲ್ಲಿ ಮಾಡಿಕೊಳ್ಳಿ ಎಂದು ಚೀಟಿ ಬರೆದು ಬಾಗಿಲಿಗೆ ಅಂಟಿಸಿದೆ.

ಪುಟ್ಟಿ ಥರ್ಮಾಮೀಟರನ್ನು ತೊಳೆದು ಡೇರಿಗೆ ಕೊಟ್ಟು ಬಂದಳು. ವ್ಯಾನು ತಲಕಾಡಿಗೆ ಹೊರಟಾಗ ಮಧ್ಯಾಹ್ನ ದಾಟಿತ್ತು. ಹೊರಡುವ ಮುಂಚೆ ಎಲ್ಲರೂ ಕುಡಿದ ಹಾಲನ್ನು ಅಕ್ಕ ಒಲೆಯ ಮೇಲೇ ಕಾಯಿಸಿದ್ದಳು.

ಮೊನ್ನೆ ಬೆಂಗಳೂರಿನಿಂದ ಪುಟ್ಟಿಯ ಫೋನ್ ಬಂದಿತ್ತು. ಅವರ ಅಡುಗೆಮನೆಯ ಓವನ್ನಿನಲ್ಲಿ ಅರ್ಧ ಲೀಟರ್ ನೀರು ಒಂದು ನಿಮಿಷಕ್ಕೆ 19 ಡಿಗ್ರಿ ಏರಿತಂತೆ. ಚೀಟಿಯಲ್ಲಿ 900 ಎಂದಿದೆಯಂತೆ. "ಸ್ವಿಚ್ಚಿನ ಹತ್ತಿರ ಪ್ಲಗ್ ಬಿಸಿ ಇದೆಯಾ, ಅಪ್ಪನ ಕೈಲಿ ಮುಟ್ಟಿಸಿ ನೋಡು" ಎಂದಿದ್ದೇನೆ.