ಸಬೂಬು ಸಾಕು, ಹಿಂಬರಹ ಕೊಡಿ

ಮಾಲೀಕತ್ವ ವರ್ಗಾವಣೆ, ಎನ್‌ಒಸಿ, ಸಾಲ ತೀರಿದ ಮೇಲೆ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸುವುದು ಇವುಗಳಿಗಾಗಿ ಆರ್‌ಟಿಒ ಕಚೇರಿಗೆ ಅಲೆಯುವವರ ಪಾಡನ್ನು ಹೇಳಿಕೊಂಡರೆ ಸಾಕು, ವ್ಯವಸ್ಥೆಯ ಪರ ವಕಾಲತ್ತು ವಹಿಸುವವರ ಬಳಿ ಉತ್ತರಗಳು ಸಿದ್ಧವಾಗಿರುತ್ತವೆ. ಅವುಗಳಲ್ಲಿ ಹುರುಳೇ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಯಾವ ಉತ್ತರವೂ ವಿಳಂಬವನ್ನು ಸಮರ್ಥಿಸಲಾರದು.

1. "ಜನ ಅರೆಬರೆ ಕಾಗದ ತಂದರೆ ಕಚೇರಿಯವರು ಏನು ಮಾಡಬೇಕು?"

ತರುತ್ತಾರೆ, ನಿಜ. ಫಾರಂ 29ರಲ್ಲಿ ಮಾರಿದವರ ಸಹಿ ಬಿಟ್ಟುಹೋಗಿರುತ್ತದೆ, ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಮಸುಕಾಗಿರುತ್ತದೆ. ತಕರಾರು ಇರುವುದು ಕೊರತೆಯನ್ನು ತಿಳಿಸುವ ರೀತಿಯಲ್ಲಿ. ಮೊದಲ ಸಲ ಹೋದಾಗ "ವಿಮೆ ಮುಗಿದಿದೆ" ಎನ್ನುತ್ತಾರೆ. ವಿಮೆ ಕಟ್ಟಿಸಿ ಹೋದರೆ "ಹೊಗೆ ತಪಾಸಣೆ ಪತ್ರ ಎಲ್ಲಿ?" ಅದನ್ನೂ ತಂದರೆ "ಸಹಿ ತಾಳೆಯಾಗುತ್ತಿಲ್ಲ." ಈ ಮೂರು ಕೊರತೆಗಳೂ ಮೊದಲ ದಿನವೇ ಆ ಕಡತದಲ್ಲಿದ್ದವು. ಮೂರನ್ನೂ ಬರೆದು ಒಂದು ಹಿಂಬರಹ ಕೊಟ್ಟಿದ್ದರೆ ಅರ್ಜಿದಾರ ಒಂದೇ ಸಲಕ್ಕೆ ಸರಿಪಡಿಸಿಕೊಂಡು ಬರುತ್ತಿದ್ದ. ಬಾಯಿಮಾತಿನಲ್ಲಿ ವಾಪಸು ಕಳುಹಿಸಿದರೆ ದಾಖಲೆ ಉಳಿಯುವುದಿಲ್ಲ, ಯಾರೂ ಹೊಣೆಯಾಗುವುದಿಲ್ಲ.

2. "ಈಗ ಎಲ್ಲ ಆನ್‌ಲೈನ್ ಆಗಿದೆಯಲ್ಲ!"

ಕೇಂದ್ರ ಸಾರಿಗೆ ಸಚಿವಾಲಯ 2022ರಲ್ಲಿ 58 ಸೇವೆಗಳನ್ನು ಆಧಾರ್ ದೃಢೀಕರಣದ ಮೂಲಕ ಆನ್‌ಲೈನಿನಲ್ಲೇ ಪಡೆಯಲು ಅವಕಾಶ ಮಾಡಿದ್ದು ಒಳ್ಳೆಯ ಹೆಜ್ಜೆಯೇ. ಆದರೆ ನಮ್ಮ ಹೆಸರುಗಳನ್ನು ನೋಡಿ. ಆರ್‌ಸಿಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ. ಒಂದರಲ್ಲಿ ಊರಿನ ಹೆಸರು ಪೂರ್ತಿ, ಇನ್ನೊಂದರಲ್ಲಿ ಬರೀ ಅಕ್ಷರ. ವಾಹನ್ ತಂತ್ರಾಂಶಕ್ಕೆ ಇವರು ಇಬ್ಬರು ಬೇರೆ ಬೇರೆ ಮನುಷ್ಯರು. ಖರೀದಿಯ ದಿನ ಶೋರೂಮಿನವರು ತಮ್ಮದೇ ಮೊಬೈಲ್ ನಂಬರ್ ಕೊಟ್ಟಿದ್ದರೆ ಒಟಿಪಿ ಅಲ್ಲಿಗೇ ಹೋಗುತ್ತದೆ. ಇವನ್ನೆಲ್ಲ ತಿದ್ದಿಸಿಕೊಳ್ಳಲು ಮತ್ತೆ ಅದೇ ಕೌಂಟರಿಗೆ ಹೋಗಬೇಕು.

3. "ಅವಸರ ಮಾಡಿದರೆ ಕದ್ದ ಗಾಡಿಗೂ ಎನ್‌ಒಸಿ ಸಿಕ್ಕೀತು."

ಪರಿಶೀಲನೆ ಬೇಡವೆಂದು ಯಾರೂ ಹೇಳಿಲ್ಲ. ಕಳವಿನ ಪ್ರಕರಣ, ತೆರಿಗೆ ಬಾಕಿ ಎರಡನ್ನೂ ನೋಡಲೇಬೇಕು. ಆದರೆ 1988ರ ಮೋಟಾರು ವಾಹನ ಕಾಯ್ದೆಯ 48ನೇ ಕಲಂ ಅದಕ್ಕೂ ಗಡುವು ಇಟ್ಟಿದೆ. ನಿರಾಕರಿಸುವುದಾದರೆ ಕಾರಣವನ್ನು ಲಿಖಿತವಾಗಿ ದಾಖಲಿಸಿ ಅರ್ಜಿದಾರನಿಗೆ ತಿಳಿಸಬೇಕು. 30 ದಿನಗಳೊಳಗೆ ನಿರಾಕರಣೆ ತಿಳಿಸದಿದ್ದರೆ ಎನ್‌ಒಸಿ ಕೊಟ್ಟಂತೆಯೇ ಲೆಕ್ಕ. ಎಚ್ಚರಿಕೆಯೂ ವೇಗವೂ ಒಟ್ಟಿಗೇ ಸಾಗಬಹುದೆಂದು ಕಾಯ್ದೆ ಬರೆದವರಿಗೆ ತಿಳಿದಿತ್ತು.

4. "ಏಜೆಂಟರು ಸೇವೆ ಕೊಡುತ್ತಾರೆ, ಜನ ಇಷ್ಟಪಟ್ಟೇ ದುಡ್ಡು ಕೊಡುತ್ತಾರೆ."

ಫಾರಂ ತುಂಬಿಕೊಟ್ಟವರಿಗೆ ಕೂಲಿ ಕೊಡುವುದರಲ್ಲಿ ತಪ್ಪಿಲ್ಲ. ಆದರೆ ಮಾಲೀಕನ ಕೈಯಲ್ಲಿದ್ದಾಗ ಮುಂದಕ್ಕೆ ಸರಿಯದ ಕಡತ ಏಜೆಂಟನ ಕೈಗೆ ಬಂದೊಡನೆ, ಒಂದು ಕಾಗದವೂ ಹೆಚ್ಚದೆ, ಮೇಜಿನಿಂದ ಮೇಜಿಗೆ ಹೋಗುವುದಾದರೆ ಅಲ್ಲಿ ಮಾರಾಟವಾಗುತ್ತಿರುವುದು ಕೂಲಿ ಕೆಲಸವಲ್ಲ. ಸರ್ಕಾರಿ ಶುಲ್ಕ ಕಟ್ಟಿದವನಿಗೆ ಹಕ್ಕಾಗಿ ಸಿಗಬೇಕಾದ ತೀರ್ಮಾನವನ್ನೇ ಅವನಿಗೆ ಎರಡನೇ ಸಲ ಮಾರಲಾಗುತ್ತಿದೆ. ಬೇರೆ ದಾರಿ ಮುಚ್ಚಿದ ಮೇಲೆ ಕೊಟ್ಟ ದುಡ್ಡನ್ನು ಇಷ್ಟಪಟ್ಟು ಕೊಟ್ಟದ್ದೆನ್ನುವುದು ನ್ಯಾಯವಲ್ಲ.

5. "ಒಂದೆರಡು ತಿಂಗಳು ತಡವಾದರೆ ಏನು ಮುಳುಗಿಹೋಗುತ್ತದೆ?"

ಮುಳುಗುತ್ತದೆ. 2007ರಲ್ಲಿ ಮಾರಿದ ಕಾರೊಂದು ಕೈಯಿಂದ ಕೈಗೆ ದಾಟಿ 2009ರಲ್ಲಿ ಅಪಘಾತ ಮಾಡಿತು. ದಾಖಲೆಯಲ್ಲಿ ಮಾತ್ರ ಮೊದಲ ಮಾಲೀಕನ ಹೆಸರೇ ಇತ್ತು. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಈ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಪರಿಹಾರದ ಹೊಣೆಯನ್ನು ಆ ನೋಂದಾಯಿತ ಮಾಲೀಕನ ಮೇಲೇ ಹೊರಿಸಿತು. ಅಲ್ಲಿ ಹೆಸರು ಬದಲಾಗದೆ ಉಳಿದದ್ದಕ್ಕೆ ಕಚೇರಿಯೇ ಕಾರಣವೆಂದು ನಾನು ಹೇಳುತ್ತಿಲ್ಲ. ಹೆಸರು ಬದಲಾಗುವವರೆಗೆ ಮಾರಿದವನ ತಲೆ ಮೇಲೆ ತೂಗುವ ಹೊರೆ ಎಂಥದೆಂದು ಹೇಳುತ್ತಿದ್ದೇನೆ. ಗಾಡಿ ನೋಂದಣಿಯಾದ ರಾಜ್ಯದೊಳಗೇ ಮಾರಿದವನು 14 ದಿನಗಳಲ್ಲಿ, ಕೊಂಡವನು 30 ದಿನಗಳಲ್ಲಿ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಕಟ್ಟುನಿಟ್ಟು ಮಾಡಿದೆ. ನಾಗರಿಕನಿಗೆ ದಿನದ ಲೆಕ್ಕವಿರುವಾಗ ಕಚೇರಿಗೂ ಇರಬೇಕಲ್ಲವೇ?

6. "ಸಿಬ್ಬಂದಿ ಕೊರತೆ."

ಇದೊಂದು ದೂರು ನಿಜ. ಹುದ್ದೆ ತುಂಬಲಿ. ಆದರೆ ಒಬ್ಬನನ್ನೇ ನಾಲ್ಕು ಸಲ ಓಡಾಡಿಸುವ ಪದ್ಧತಿಯಿಂದ ಸಾಲು ಬೆಳೆಯುತ್ತದೆಯೇ ಹೊರತು ಕರಗುವುದಿಲ್ಲ. ಜನ ಕಡಿಮೆ ಇರುವ ಕಚೇರಿಗೇ ಒಂದೇ ಸಲಕ್ಕೆ ಬರೆದು ಮುಗಿಸುವ ಶಿಸ್ತು ಹೆಚ್ಚು ಬೇಕು.

ಕೊನೆಯದಾಗಿ ಓದುಗರಿಗೆ ಒಂದು ಮಾತು. ಅರ್ಜಿ ಕೊಟ್ಟಾಗ ಸ್ವೀಕೃತಿ ಕೇಳಿ. ವಾಪಸು ಕಳುಹಿಸಿದರೆ ಎಲ್ಲ ಕೊರತೆಗಳನ್ನೂ ಬರೆದ ಹಿಂಬರಹ ಕೇಳಿ. ರಾಜ್ಯದ ಸೇವಾ ಖಾತರಿ ಕಾಯ್ದೆಯಾದ ಸಕಾಲದ ಪಟ್ಟಿಯಲ್ಲಿರುವ ಸೇವೆಯಾದರೆ ಸಕಾಲ ಸಂಖ್ಯೆ ಬಿಡಬೇಡಿ. ಗಡುವು ಮೀರಿದರೆ ಮೇಲ್ಮನವಿ ಹಾಕಿ. ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ದೊಡ್ಡ ಮೊತ್ತವೇನಲ್ಲ. ಆದರೆ ತಡಮಾಡಿದ ಅಧಿಕಾರಿಯಿಂದಲೇ ಅದನ್ನು ವಸೂಲು ಮಾಡಲು ಸಕಾಲ ಕಾಯ್ದೆಯಲ್ಲಿ ಅವಕಾಶವಿದೆ. ಕೇಳುವವರು ಹೆಚ್ಚಿದಂತೆ ಸಬೂಬು ಹೇಳುವುದು ಕಷ್ಟವಾಗುತ್ತದೆ. ದಯವಿಟ್ಟು ಕೇಳಿ.