ಬಲಗಾಲಿನ ಮಡಿಕೆ

ನಸುಕಿನ ಐದೂವರೆಗೆ ಸಿರುಗುಪ್ಪದಿಂದ ಬಳ್ಳಾರಿ ಕಡೆಗೆ ಹೊರಟರೆ ಹೆದ್ದಾರಿಯ ಮೇಲೆ ಎರಡು ಬಗೆಯ ಸೈಕಲ್ ಸವಾರರು ಕಾಣುತ್ತಾರೆ. ಅಕ್ಕಿ ಗಿರಣಿಯ ಪಾಳಿಗೆ ಹೊರಟವರು, ಹಾಲಿನ ಕ್ಯಾನು ಕಟ್ಟಿಕೊಂಡವರು, ಗದ್ದೆಗೆ ನೀರು ಬಿಡಲು ಹೋಗುವವರು ಒಂದು ಬಗೆ. ಇವರ ಲುಂಗಿ ಮೊಣಕಾಲಿನ ಮೇಲೆ, ಟವೆಲ್ ತಲೆಯ ಮೇಲೆ. ಪ್ಯಾಂಟ್ ಹಾಕಿದವರಾದರೆ ಚೈನಿನ ಎಣ್ಣೆ ಹತ್ತದಂತೆ ಬಲಗಾಲಿನ ಅಂಚನ್ನು ಎರಡು ಸುತ್ತು ಮಡಿಚಿರುತ್ತಾರೆ. ಇನ್ನೊಂದು ಬಗೆಯವರು ಆರೋಗ್ಯಕ್ಕೆ, ಖುಷಿಗೆ ತುಳಿಯುವವರು. ಮೈಗಂಟಿದ ಬಣ್ಣದ ಜೆರ್ಸಿ, ಮೊಣಕಾಲವರೆಗಿನ ಕಪ್ಪು ಚಡ್ಡಿ, ಹೆಲ್ಮೆಟ್, ಕೈಗವಸು. ಭಾನುವಾರ ಬಂತೆಂದರೆ ಬಳ್ಳಾರಿಯಿಂದ ಕುರುಗೋಡಿನ ದೊಡ್ಡಬಸವೇಶ್ವರ ಗುಡಿಯವರೆಗೆ ಹೋಗಿ, ಚಹಾ ಕುಡಿದು, ಬಿಸಿಲೇರುವ ಮೊದಲೇ ಮನೆ ಸೇರುತ್ತಾರೆ.

ಲಾರಿಯವರು ಇಬ್ಬರಿಗೂ ಹಾರ್ನ್ ಹೊಡೆಯುತ್ತಾರೆ. ಆದರೆ ಜೆರ್ಸಿಯವರಿಗೆ ಕೇಳಿಬರುವುದು, “ಏನ್ ಸಾರ್, ರೇಸಾ?” ಲುಂಗಿಯವರಿಗೆ, “ಏಯ್, ಸರಿಯೋ ಪಕ್ಕಕ್ಕೆ!” ಒಬ್ಬರಿಗೆ ನಗೆ, ಇನ್ನೊಬ್ಬರಿಗೆ ಗದರಿಕೆ. ಮಧ್ಯವಯಸ್ಸಿನ ಗಂಡಸು ಬಿಗಿ ಚಡ್ಡಿ ಹಾಕಿಕೊಂಡು ಊರ ನಡುವೆ ಹಾಯ್ದರೆ ಹೋಟೆಲಿನ ಕಟ್ಟೆಯ ಮೇಲೆ ಕೂತವರ ತುಟಿ ಅರಳುತ್ತದೆ. ಅದೇ ಗಂಡಸು ಲುಂಗಿಯಲ್ಲಿ ಸೈಕಲ್ ತುಳಿಯುವವನನ್ನು ತನ್ನ ಜೊತೆಯ ಸವಾರ ಎಂದು ಎಣಿಸುವುದೂ ಇಲ್ಲ. ಈ ಎರಡೂ ನೋಟಗಳು ತಪ್ಪು ಎಂದು ಹೇಳುವುದಕ್ಕೇ ಈ ವಾರದ ಅಂಕಣ.

ಮೊದಲು ಆ ಚಡ್ಡಿಯ ವಿಚಾರ. ಅದು ಆಡಂಬರಕ್ಕೆ ಹುಟ್ಟಿದ್ದಲ್ಲ. ನೂರು ವರ್ಷದ ಹಿಂದೆ ಯುರೋಪಿನ ಪಂದ್ಯಗಳ ಸವಾರರು ಉಣ್ಣೆಯ ಚಡ್ಡಿ ಹಾಕುತ್ತಿದ್ದರು. ಸೀಟಿಗೆ ತಾಗುವ ಜಾಗದಲ್ಲಿ ಮೆದುವಾದ ಚರ್ಮದ ತುಂಡೊಂದನ್ನು ಹೊಲಿದಿರುತ್ತಿದ್ದರು. ಚೈನಿನ ಎಣ್ಣೆಯ ಕಲೆ ಎದ್ದು ಕಾಣಬಾರದೆಂದು ಕಪ್ಪು ಬಣ್ಣ. 1958ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಎಂಬ ರಸಾಯನಶಾಸ್ತ್ರಜ್ಞ ಹಿಗ್ಗಿ ಕುಗ್ಗುವ ನೂಲನ್ನು ಸಿದ್ಧಪಡಿಸಿದ. ಅದೇ ಮುಂದೆ ಲೈಕ್ರಾ ಎಂದು ಹೆಸರಾಯಿತು. 1970ರ ದಶಕದಲ್ಲಿ ಅದು ಸೈಕಲ್ ಚಡ್ಡಿಗೂ ಬಂತು, ಚರ್ಮದ ತುಂಡಿನ ಜಾಗಕ್ಕೆ ಆಮೇಲೆ ಫೋಮಿನ ದಿಂಬು ಬಂತು. ಜೆರ್ಸಿಯ ಜೇಬುಗಳು ಬೆನ್ನಿಗಿರುವುದಕ್ಕೂ ಕಾರಣವಿದೆ. ಬಾಗಿ ಕೂತವನ ಎದೆಜೇಬಿನಲ್ಲಿ ಏನೂ ನಿಲ್ಲುವುದಿಲ್ಲ.

ಇದರ ಬೆಲೆ ತಿಳಿಯಬೇಕಾದರೆ ಬಳ್ಳಾರಿಯಲ್ಲೇ ಹೊಲಿದ ಜೀನ್ಸ್ ಪ್ಯಾಂಟೊಂದನ್ನು ಒಳಮೈ ಹೊರಗೆ ಮಾಡಿ ನೋಡಬೇಕು. ತೊಡೆಗಳು ಕೂಡುವ ಜಾಗದಲ್ಲಿ ನಾಲ್ಕು ದಿಕ್ಕಿನ ಹೊಲಿಗೆಗಳು ಬಂದು ಸೇರುತ್ತವೆ. ಡೆನಿಮ್ ಬಟ್ಟೆಯ ಅಂಚುಗಳನ್ನು ಒಂದರೊಳಗೊಂದು ಮಡಿಚಿ ಎರಡು ಸಾಲು ದಪ್ಪ ದಾರ ಓಡಿಸಿರುವುದರಿಂದ ಅಲ್ಲಿ ಬಟ್ಟೆ ಪದರ ಪದರವಾಗಿ ಗಂಟುಗಟ್ಟಿರುತ್ತದೆ. ಬೆರಳಿಟ್ಟರೆ ಒತ್ತುತ್ತದೆ. ಸೈಕಲ್ ಸೀಟಿಗೆ ಮೈ ಒತ್ತುವ ಜಾಗದಲ್ಲೇ ಆ ಗಂಟು ಇರುತ್ತದೆ. ಊರೊಳಗಿನ ಕೌಲ್ ಬಜಾರಿಗೆ ಹೋಗಿ ಬರಲು ಅದರಿಂದ ಏನೂ ತೊಂದರೆಯಿಲ್ಲ. ಐವತ್ತು ಕಿಲೋಮೀಟರಿಗೂ ಮಿಕ್ಕಿದ ಬಳ್ಳಾರಿ–ಸಿರುಗುಪ್ಪ ದಾರಿಯನ್ನು ಅದರಲ್ಲಿ ತುಳಿದವನ ತೊಡೆಸಂದು ಕಿತ್ತು ಬರುತ್ತದೆ. ಬೆವರು ಕುಡಿದ ಹತ್ತಿಯ ಬಟ್ಟೆ ಬೇಗ ಆರುವುದಿಲ್ಲ, ಒದ್ದೆಯಾಗಿಯೇ ಉಜ್ಜುತ್ತದೆ. ಬಿಗಿ ಚಡ್ಡಿಯವನನ್ನು ನೋಡಿ ನಗುವವರು ಈ ದೂರವನ್ನು ಒಮ್ಮೆ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಲುಂಗಿಗೂ ಅದರದೇ ನ್ಯಾಯವಿದೆ. ಏಪ್ರಿಲ್–ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ನಾಡು ನಮ್ಮದು. ಇಲ್ಲಿನ ಗಾಳಿ ಒಣಗಾಳಿ. ಸಡಿಲ ಹತ್ತಿಬಟ್ಟೆ ಹಿಡಿದಿಟ್ಟ ಬೆವರು ಅಂಥ ಗಾಳಿಗೆ ಆವಿಯಾಗುತ್ತ ಮೈಯನ್ನು ತಂಪಾಗಿಡುತ್ತದೆ. ತಲೆಯ ಟವೆಲ್ ಬಿಸಿಲನ್ನೂ ತಡೆಯುತ್ತದೆ, ಮುಖವನ್ನೂ ಒರೆಸುತ್ತದೆ. ನಾಲ್ಕೈದು ಕಿಲೋಮೀಟರ್ ನಿಧಾನಕ್ಕೆ ತುಳಿಯುವವನಿಗೆ ಇದಕ್ಕಿಂತ ಒಳ್ಳೆಯ ಉಡುಪಿಲ್ಲ. ದೂರ, ವೇಗ, ಬಿಸಿಲು ಈ ಮೂರೇ ಉಡುಪನ್ನು ನಿರ್ಧರಿಸಬೇಕು. ನೋಡುವವರ ಕಣ್ಣಿಗೆ ಅದರಲ್ಲಿ ಪಾಲಿಲ್ಲ.

ಆ ಕಣ್ಣುಗಳಿಗೆ ಹೆಚ್ಚು ಬೆಲೆ ತೆತ್ತವರು ಹೆಂಗಸರು. 1898ರಲ್ಲಿ ಇಂಗ್ಲೆಂಡಿನ ಸರ್ರೆಯಲ್ಲಿ ಲೇಡಿ ಹಾರ್ಬರ್ಟನ್ ಎಂಬಾಕೆ ಸೈಕಲ್ ತುಳಿಯಲು ಅನುಕೂಲವಾದ ಅಗಲ ಇಜಾರ ತೊಟ್ಟು ಒಂದು ಹೋಟೆಲಿಗೆ ಹೋದಳು. ಲಂಗ ಉಟ್ಟಿಲ್ಲವೆಂದು ಆಕೆಯನ್ನು ಊಟದ ಕೋಣೆಗೆ ಬಿಡಲಿಲ್ಲ. ಸೈಕಲ್ ಸವಾರರ ಸಂಘ ಕೋರ್ಟಿಗೆ ಹೋಯಿತು, ಮರುವರ್ಷ ಸೋತಿತು. ನಮ್ಮಲ್ಲಿ 2006–07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದಾಗ ಸಿರುಗುಪ್ಪ ತಾಲೂಕಿನ ಹಳ್ಳಿಗಳ ಹುಡುಗಿಯರೂ ಚೂಡಿದಾರ್ ಸಮವಸ್ತ್ರದಲ್ಲಿ ಸಾಲುಗಟ್ಟಿ ಶಾಲೆಗೆ ಹೋದರು. ವೇಲ್ ಚಕ್ರಕ್ಕೆ ಸಿಕ್ಕದಂತೆ ಹೆಗಲಿನಿಂದ ಇಳಿಬಿಟ್ಟು ಸೊಂಟಕ್ಕೆ ಬಿಗಿದು ಕಟ್ಟುವುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಹುಡುಗಿಯರಿಗೆ ಈಗ ಮೂವತ್ತರ ಆಸುಪಾಸು. ಭಾನುವಾರದ ಸವಾರಿಯಲ್ಲಿ ಅವರು ಕಾಣುವುದಿಲ್ಲವೆಂಬುದು ನನ್ನನ್ನು ಬಹಳ ಕಾಡುವ ಸಂಗತಿ. ಸೈಕಲ್ ತುಳಿಯುವುದನ್ನು ಅವರು ಮರೆತಿರಲಾರರು. ಏನು ಹಾಕಿಕೊಂಡು ಹೋಗಲಿ, ನೋಡಿದವರು ಏನೆಂದಾರು ಎಂಬುದೇ ಅವರನ್ನು ತಡೆಯುತ್ತಿದ್ದರೆ ಆ ತಡೆಯನ್ನು ತೆಗೆಯಬೇಕಾದವರು ನಾವು. ಚೂಡಿದಾರ್‌ನಲ್ಲೇ ಬರಲಿ, ಸೀರೆಯಲ್ಲೇ ಬರಲಿ, ಬರುವವರಿಗೆ ಜಾಗವಿರಲಿ.

ಬಟ್ಟೆ ನೋಡಿ ಮನುಷ್ಯನನ್ನು ಅಳೆಯುವ ಚಾಳಿ ನಮ್ಮೂರಿಗೇ ಮೀಸಲಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ತಾಂತ್ರಿಕ ವಿಶ್ವವಿದ್ಯಾಲಯದ ಮಾರ್ಕ್ ಲಿಂಬ್ ಮತ್ತು ಸಹಸಂಶೋಧಕರೊಬ್ಬರು 2023ರಲ್ಲಿ 563 ಜನರಿಗೆ ಸೈಕಲ್ ಸವಾರರ ಚಿತ್ರಗಳನ್ನು ತೋರಿಸಿ, ಯಾರು ಕಡಿಮೆ ಮನುಷ್ಯರಂತೆ ಕಾಣುತ್ತಾರೆಂದು ಕೇಳಿದರು. ಹೆಲ್ಮೆಟ್ ಧರಿಸಿದವರು, ಹೊಳೆವ ಮೇಲಂಗಿ ತೊಟ್ಟವರು ಕಡಿಮೆ ಮನುಷ್ಯರಾಗಿ ಕಂಡರು. ತಲೆ ಉಳಿಸುವ ಸಾಧನವೇ ನೋಡುವವನ ಮನಸ್ಸಿನಲ್ಲಿ ಸವಾರನನ್ನು ಪರಕೀಯನನ್ನಾಗಿಸುತ್ತದೆ. ಹಾಗೆಂದು ಹೆಲ್ಮೆಟ್ ಬಿಡಿ ಎಂದು ನಾನು ಹೇಳಲಾರೆ, ಬಿಡಲೇಬಾರದು. ತಿದ್ದಿಕೊಳ್ಳಬೇಕಾದವನು ಲಾರಿಯಲ್ಲಿ, ಕಾರಿನಲ್ಲಿ ಕೂತವನು.

ಅವನು ತಿದ್ದಿಕೊಳ್ಳುವವರೆಗೆ ಕಾಯುತ್ತ ಕೂರುವಂತಿಲ್ಲ. ಊರು ದಾಟಿದರೆ ಬೀದಿದೀಪವಿಲ್ಲ. ಸುಗ್ಗಿಯಲ್ಲಿ ರಸ್ತೆಯ ಅಂಚಿಗೆ ಭತ್ತ ಹರವಿರುತ್ತಾರೆ, ಸೈಕಲ್ಲಿನವನು ನಡುರಸ್ತೆಗೆ ಸರಿಯಲೇಬೇಕಾಗುತ್ತದೆ. ಹಿಂದಿನಿಂದ ಲಾರಿ ಬರುತ್ತದೆ. ಆಗ ಏನು ತೊಟ್ಟಿದ್ದರೆ ಜೀವ ಉಳಿದೀತು? ಇದಕ್ಕೂ ಅದೇ ವಿಶ್ವವಿದ್ಯಾಲಯದಲ್ಲಿ ಉತ್ತರ ಹುಡುಕಿದ್ದಾರೆ. ಜೋನ್ ವುಡ್ ಮತ್ತು ಸಂಗಡಿಗರು ರಾತ್ರಿಯಲ್ಲಿ, ಬೇರೆ ವಾಹನಗಳಿಲ್ಲದ ದಾರಿಯಲ್ಲಿ ಚಾಲಕರಿಂದ ಕಾರು ಓಡಿಸಿ ಪರೀಕ್ಷೆ ಮಾಡಿದರು. ಕಪ್ಪು ಬಟ್ಟೆಯ ಸವಾರನನ್ನು ಗುರುತಿಸಿದ್ದು ನೂರಕ್ಕೆ 2 ಬಾರಿ. ಹಗಲಲ್ಲಿ ಕಣ್ಣು ಕುಕ್ಕುವ ಫ್ಲೋರೊಸೆಂಟ್ ಮೇಲಂಗಿಗೆ 15. ಅದು ಹೊಳೆಯುವುದು ಸೂರ್ಯನ ಅತಿನೇರಳೆ ಕಿರಣದಿಂದ, ರಾತ್ರಿ ಅದರ ಆಟ ನಡೆಯುವುದಿಲ್ಲ. ಬೆಳಕು ಪ್ರತಿಫಲಿಸುವ ಮೇಲಂಗಿಗೆ 50. ಅದರ ಜೊತೆಗೆ ಮೊಣಕಾಲಿಗೂ ಕಣಕಾಲಿಗೂ ಪ್ರತಿಫಲಕ ಪಟ್ಟಿ ಕಟ್ಟಿದರೆ 90!

ಕಾರಣ ನಮ್ಮ ಕಣ್ಣಿನ ಹಿಂದಿರುವ ಮಿದುಳು. ಸ್ವೀಡನ್ನಿನ ಗುನ್ನಾರ್ ಯೊಹಾನ್ಸನ್ 1973ರಲ್ಲೇ ತೋರಿಸಿದ್ದರು: ಕತ್ತಲಲ್ಲಿ ಮೈಯ ಕೀಲುಗಳಿಗೆ ಕೆಲವೇ ಬೆಳಕಿನ ಚುಕ್ಕೆಗಳನ್ನಿಟ್ಟು ನಡೆದರೆ ನೋಡುವವರು ತಕ್ಷಣ ಮನುಷ್ಯನೆಂದು ಹಿಡಿಯುತ್ತಾರೆ. ನಿಂತ ಹೊಳಪು ಕಲ್ಲುಕಂಬವೂ ಆಗಿರಬಹುದು. ಏರಿಳಿಯುವ ಎರಡು ಹೊಳಪುಗಳು ಕಾಲುಗಳೇ. ಪ್ಯಾರಿಸಿನ ಸೈಕಲ್ ಕ್ಲಬ್ಬೊಂದರ ನಿಯಮದಂತೆ ನಡೆಯುವ 200, 300, 600 ಕಿಲೋಮೀಟರಿನ ದೂರದ ಸವಾರಿಗಳಲ್ಲಿ ರಾತ್ರಿ ಪ್ರತಿಫಲಕ ಮೇಲಂಗಿ ಕಡ್ಡಾಯ. ಹವ್ಯಾಸಿಗಳಿಗೆ ಈ ಶಿಸ್ತು ಗೊತ್ತಿದೆ, ಕೊಳ್ಳಲು ಹಣವೂ ಇದೆ. ದಿನವೂ ಕತ್ತಲಲ್ಲಿ ಓಡಾಡುವುದು ಗಿರಣಿಯ ಪಾಳಿಯವನು, ಅವನ ಮೈಮೇಲೆ ಹೊಳೆಯುವ ಒಂದು ದಾರವೂ ಇಲ್ಲ.

ಇಲ್ಲಿ ನನಗೆ ಮತ್ತೆ ನೆನಪಾಗುವುದು ನಮ್ಮ ಜೀನ್ಸ್. ದಂಡಿನ ಸೈನಿಕರಿಗೆ ಸಮವಸ್ತ್ರ ಹೊಲಿದ ದರ್ಜಿ ಕುಟುಂಬಗಳಿಂದ ಬೆಳೆದ ಕಸುಬು ಇದು, ಇವತ್ತು ಬಳ್ಳಾರಿಯ ಹೆಸರು ಹೇಳಿದರೆ ಜನ ಜೀನ್ಸ್ ಎನ್ನುತ್ತಾರೆ. 2011ರಲ್ಲಿ ಲೀವೈಸ್ ಕಂಪನಿ ಸೈಕಲ್ ಸವಾರರಿಗಾಗಿ ಒಂದು ಜೀನ್ಸ್ ತಂದಿತು. ಕಾಲಂಚಿನ ಒಳಮಗ್ಗುಲಿಗೆ ಪ್ರತಿಫಲಕ ಪಟ್ಟಿ ಹೊಲಿದಿದ್ದರು, ಮಡಿಚಿದರೆ ಅದು ಹೊರಗೆ ಬರುತ್ತಿತ್ತು. ನಮ್ಮ ಕೂಲಿಕಾರರು ಪ್ಯಾಂಟಿನ ಬಲಗಾಲಂಚನ್ನು ಮಡಿಚುವುದು ಹೇಗೂ ರೂಢಿ. ನಮ್ಮ ರಸ್ತೆಯಲ್ಲಿ ಸೈಕಲ್ ಎಡಕ್ಕೆ, ದಾಟುವ ಲಾರಿ ಬಲಕ್ಕೆ. ಚೈನ್ ಇರುವುದೂ ಬಲಕ್ಕೆ, ಮಡಿಕೆಯೂ ಬಲಕ್ಕೆ. ಹೊಳೆಯಬೇಕಾದ ಜಾಗದಲ್ಲೇ ನಮ್ಮವರು ಮಡಿಚುತ್ತಾರೆ.

ಬಳ್ಳಾರಿಯ ಜೀನ್ಸ್ ತಯಾರಕರಲ್ಲಿ ನನ್ನದೊಂದು ವಿನಂತಿ. ಕಡಿಮೆ ಬೆಲೆಯ ಪ್ಯಾಂಟುಗಳ ಬಲಗಾಲಿನ ಒಳಅಂಚಿಗೆ ಎರಡು ಬೆರಳಗಲದ ಪ್ರತಿಫಲಕ ಪಟ್ಟಿ ಹೊಲಿಯಿರಿ. ಜೆರ್ಸಿ ತೊಟ್ಟು ಭಾನುವಾರ ಕುರುಗೋಡಿಗೆ ಹೋಗುವ ಗೆಳೆಯರೇ, ಮುಂದಿನ ಸಲ ಹೊರಡುವಾಗ ಬೆನ್ನಿನ ಜೇಬಿನಲ್ಲಿ ಬಾಳೆಹಣ್ಣಿನ ಜೊತೆ ನಾಲ್ಕು ಕಾಲುಪಟ್ಟಿಗಳನ್ನೂ ಇಟ್ಟುಕೊಳ್ಳಿ. ದಾರಿಯಲ್ಲಿ ಸಿಗುವ ಲುಂಗಿಯ ಸವಾರನನ್ನು ನಿಲ್ಲಿಸಿ, “ಅಣ್ಣಾ, ಇದನ್ನ ಕಾಲಿಗೆ ಕಟ್ಟಿಕೋ” ಎಂದು ಕೊಡಿ.